ಜನ್ಮಪಟದ ಮಸಿ

“ನೋಡು, ಬ್ಯಾಡ ಅನ್ನಕ್ಕಿಲ್ಲ. ಕೈಲಿ ಮುಟ್ಟು, ಅದ್ಕೂ ಬ್ಯಾಡ ಅನ್ನಕ್ಕಿಲ್ಲ. ನಕಲು ಮಾತ್ರ ತಗೀಬ್ಯಾಡ. ಆ ಮೂಲೇಲಿ ಮಸಿ ಅದೆ ನೋಡು, ಅದ್ರ ತಂಟೆಗಂತೂ ಓಗ್ಲೇಬ್ಯಾಡ ಕಣಪ್ಪ.”

ಇಷ್ಟು ಹೇಳಿ ಗುರುಸಿದ್ದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಹೇಂದ್ರ ನಕ್ಕುಬಿಟ್ಟ. ನಗಲು ಬಾಯಿ ತೆರೆದದ್ದೇ ತಪ್ಪಾಯಿತು. ಪೆಟ್ಟಿಗೆಯ ವಾಸನೆ ನೇರವಾಗಿ ಬಂದು ನಾಲಿಗೆಯ ಮೇಲೆ ಕೂತಿತು.

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನ ಆ ಮನೆಯ ಹಿತ್ತಲಲ್ಲಿ ಹಳೆಯ ಹಗೇವು ಒಂದಿತ್ತು. ರಾಗಿಯನ್ನು ನೆಲದೊಳಗೆ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಬರಗಾಲಕ್ಕೆಂದು ಕಾಪಿಡುತ್ತಿದ್ದ ದಿನಗಳದ್ದು. ಬಾಯಿ ಒಬ್ಬಾಳು ಇಳಿಯುವಷ್ಟು. ಒಳಗೆ ಹೊಟ್ಟೆ ಮಾತ್ರ ಗುಡಾಣದ ಹಾಗೆ ಅಗಲ. ಈಗ ಅದರಲ್ಲಿ ರಾಗಿ ಇರಲಿಲ್ಲ. ಗುರುಸಿದ್ದಮ್ಮನ ಮಗ ಶಿವಸ್ವಾಮಿ ಬೆಳಿಗ್ಗೆಯೇ ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಬಿಟ್ಟಿದ್ದ. ಆಮೇಲೆ ಹಗ್ಗಕ್ಕೆ ಕಟ್ಟಿದ ಲಾಟೀನನ್ನು ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿಕೊಂಡೇ ಒಳಗಿಳಿದು, ಹಿತ್ತಾಳೆಯ ಪೆಟ್ಟಿಗೆಯೊಂದನ್ನು ಮೇಲೆ ತಂದಿಟ್ಟಿದ್ದ.

ಪೆಟ್ಟಿಗೆಯೊಳಗೆ ಸುರುಳಿ ಸುತ್ತಿದ ಪಟ. ಬಟ್ಟೆಗೆ ಅಂಟಿಸಿದ ದಪ್ಪ ಕಾಗದ, ಮರದಚ್ಚಿನ ಕೆಂಪು ಗೆರೆ. ಜನ್ಮಪಟ ಎಂದು ಅದರ ಹೆಸರು. ಕವಡೆ ಹಾಕಿ ಆಡುವ ಆಟ; ಕೆಳಗೆ ಹುಳುವಿನ ಜನ್ಮದಿಂದ ಹೊರಟು ಮೀನು, ಕಪ್ಪೆ, ನಾಯಿ, ಎತ್ತು ಎಂದು ಒಂದೊಂದೇ ಚೌಕ ಏರಿ, ಮನುಷ್ಯನಾಗಿ, ಕೊನೆಗೆ ಕೈಲಾಸ ಮುಟ್ಟಬೇಕು. ಗುರುಸಿದ್ದಮ್ಮನ ಮಾವ ಶಂಭುಲಿಂಗಪ್ಪ ತಾವೇ ಕಟ್ಟಿ, ತಾವೇ ಕೆತ್ತಿದ ಆಟ. ಎಲ್ಲ ಚೌಕಗಳೂ ನಿಚ್ಚಳವಾಗಿದ್ದವು. ಕೆಳಗಿನ ಎಡಮೂಲೆಯ ಮೊದಲ ಚೌಕ ಮಾತ್ರ ಕಾಣುತ್ತಿರಲಿಲ್ಲ. ಹೊಂಗೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಯಾರೋ ಅದರ ಮೇಲೆ ಹೆಬ್ಬೆರಳಿನಿಂದ ಬಳಿದಿದ್ದರು. ಎಷ್ಟು ಕಾಲವಾಗಿತ್ತೋ, ಮಸಿ ಇನ್ನೂ ಹಸಿಯಾಗಿ ಮಿರುಗುತ್ತಿತ್ತು.

ಅಂಚಿನ ಸುತ್ತ ಅಕ್ಷರಗಳಿದ್ದವು. ಮಹೇಂದ್ರ ಪಟವನ್ನು ತಿರುಗಿಸುತ್ತ ಜೋರಾಗಿ ಓದಿದ: “ಈ ಪಟವನ್ನು ಕದ್ದು ನಕಲಿಸಿದವನ ಮನೆಯ ಅನ್ನ ಹುಳುವಾಗಲಿ. ಹುಳುವಿಗೆ ಅವನೇ ಅನ್ನವಾಗಲಿ.” ಓದಿ ಮತ್ತೆ ನಕ್ಕ. “ಅಜ್ಜಿ, ಇದಕ್ಕೇ ಈಗ ಕಾಪಿರೈಟ್ ಅನ್ನೋದು. ನಿಮ್ಮ ಮಾವನವರು ಕೋರ್ಟಿಗೆ ಹೋಗೋ ಬದಲು ಹುಳು ಬಿಟ್ಟಿದ್ದಾರೆ, ಅಷ್ಟೆ.”

“ಬುಟ್ಟವ್ರೆ,” ಎಂದರು ಗುರುಸಿದ್ದಮ್ಮ.

“ನಗ್ಬ್ಯಾಡಿ ಸಾ,” ಶಿವಸ್ವಾಮಿ ತಗ್ಗಿದ ದನಿಯಲ್ಲಿ ಹೇಳಿದ. “ನಮ್ಮವ್ವ ತಮಾಸೆಗೆ ಯೋಳ್ತಿಲ್ಲ.”

ಮಹೇಂದ್ರ ಮೈಸೂರಿನವನು. ನಂಜನಗೂಡಿಗೆ ಬಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ತೆರೆದು ಹೆಚ್ಚು ದಿನವಾಗಿರಲಿಲ್ಲ. ಹೆಂಡತಿ ಶಿವರಂಜನಿ ತುಂಬು ಬಸುರಿ. ಅವಳ ತವರು ತಿರುಮಕೂಡಲು ನರಸೀಪುರ ಹತ್ತಿರವಾಗಲಿ ಎಂದು ಈ ಊರು ಹಿಡಿದಿದ್ದ. ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿಯ ಬ್ಯಾನರು ಅವನ ಹೊಟ್ಟೆಪಾಡು. ಅವನ ಜೀವ ಇದ್ದದ್ದು ಬೇರೆ ಕಡೆ. ಅಚ್ಚು ನಿಂತುಹೋದ ಹಳೆಯ ಆಟಗಳನ್ನು, ಪೆಟ್ಟಿಗೆಯ ಮೇಲಿನ ಚಿತ್ರದಿಂದ ಹಿಡಿದು ನಿಯಮದ ಚೀಟಿಯವರೆಗೆ, ಹುಡುಕಿ ತಂದು, ಕಂಪ್ಯೂಟರಿನಲ್ಲಿ ಕೊಳೆ ತೆಗೆದು, ಫೋನಿನ ಗುಂಪೊಂದರಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ಹಾಕುತ್ತಿದ್ದ. ಬಾಳೆತೋಟದ ಬೋರ್ಡು ಮಾಡಿಸಲು ಬಂದಿದ್ದ ಶಿವಸ್ವಾಮಿ ಅವನ ಗೋಡೆಯ ಮೇಲಿದ್ದ ಆಟದ ಹಾಳೆಗಳನ್ನು ನೋಡಿ, “ನಮ್ಮನೇಲೂ ಇಂಥದ್ದೊಂದದೆ” ಎಂದು ಬಾಯ್ತಪ್ಪಿ ಅಂದಿದ್ದ. ಅಂದಿನಿಂದ ಮಹೇಂದ್ರ ಅವನ ಬೆನ್ನು ಬಿಟ್ಟಿರಲಿಲ್ಲ.

“ಇದು ಅಚ್ಚಾಗೋದು ನಿಂತು ಎಷ್ಟೋ ಕಾಲವಾಯ್ತು ಅಜ್ಜಿ. ಯಾವ ಅಂಗಡೀಲೂ ಸಿಗಲ್ಲ. ಮಾಡಿದವರಿಲ್ಲ, ಮಾರೋರಿಲ್ಲ. ಹೀಗೇ ಗುಂಡೀಲಿಟ್ಟರೆ ಒಂದಿನ ಗೆದ್ದಲು ಮುಗಿಸುತ್ತೆ. ಹಂಚಿದರೆ ಉಳಿಯುತ್ತೆ. ಯಾರದ್ದೂ ಅಲ್ಲದ್ದನ್ನ ಹಂಚಿದರೆ ಯಾರಿಗೆ ನಷ್ಟ?”

“ಯಾರ್ದೂ ಅಲ್ಲ ಅಂತ ನಿಂಗ್ಯಾರ್ ಯೋಳ್ದೋರು?”

“ಮತ್ತೆ ಯಾರದ್ದು? ನಿಮ್ಮದಾ?”

ಆ ಮಾತಿಗೆ ಮುದುಕಿಯ ಮುಖ ಗಂಟಿಕ್ಕಿತು. “ನಂದು ಅಂತ ನಾನು ಯಾವತ್ತೂ ಬಾಯ್ಬುಟ್ಟು ಅಂದಿಲ್ಲ. ಅನ್ನಾದೂ ಇಲ್ಲ.”

ಅವರು ತೆಂಗಿನ ಚಿಪ್ಪಿನಲ್ಲಿ ತಂದಿದ್ದ ರಸಬಾಳೆಯೊಂದನ್ನು ಎತ್ತಿಕೊಂಡರು. ಕಪ್ಪಿಟ್ಟು, ಸಿಪ್ಪೆ ಬಿರಿದು, ರಸ ಸೋರುತ್ತಿದ್ದ ಹಣ್ಣು. ಅದನ್ನು ಪಟದ ಪಕ್ಕಕ್ಕೆ, ಮಸಿಯ ಮೂಲೆಗೆ ತಾಗುವಂತೆ ಇಟ್ಟರು. ಹಿಂದಿನ ಸಲ ಇಟ್ಟಿದ್ದ ಹಣ್ಣಿನ ಗುರುತಾಗಿ ಪೆಟ್ಟಿಗೆಯ ತಳದಲ್ಲಿ ನೆಕ್ಕಿದಂತೆ ಹೊಳೆಯುವ ಕಲೆ ಮಾತ್ರ ಉಳಿದಿತ್ತು. ಮಹೇಂದ್ರ ಪೆಟ್ಟಿಗೆಯಿಂದ ಮುಖ ತಿರುಗಿಸಿದ. “ಅಜ್ಜಿ, ಒಂಚೂರು ಮಜ್ಜಿಗೆ ಸಿಗುತ್ತಾ?” ಎಂದ.

ಅವರು ಒಳಗೆ ಹೋದರು. ಶಿವಸ್ವಾಮಿ ಹಗ್ಗ ಸುತ್ತಿಕೊಳ್ಳುತ್ತ ಬೆನ್ನು ತಿರುಗಿಸಿದ್ದ. ಮಹೇಂದ್ರ ಫೋನು ತೆಗೆದು ಪಟದ ಮೇಲೆ ಬಾಗಿದ. ತುಣುಕು ತುಣುಕಾಗಿ, ಅಂಚಿನಿಂದ ಅಂಚಿಗೆ. ಎಲ್ಲ ತೆಗೆದು ಮುಗಿಸಿದ ಮೇಲೆಯೇ ಒಳಗಿನಿಂದ ಲೋಟದ ಸದ್ದು ಕೇಳಿದ್ದು.

*

ಅಂಗಡಿಯ ಒಳಕೋಣೆಯಲ್ಲಿ ಕೂತು ಅವನು ತುಣುಕುಗಳನ್ನು ಜೋಡಿಸಿದ. ಸುಕ್ಕು ಬಿಡಿಸಿದ, ಹಳದಿ ತೆಗೆದ, ಮಾಸಿದ ಕೆಂಪನ್ನು ಏರಿಸಿದ. ನುರಿತ ಕೈ. ಎಷ್ಟೋ ಕಾಲ ಕತ್ತಲಲ್ಲಿದ್ದ ಮೀನಿಗೂ ಎತ್ತಿಗೂ ಪರದೆಯ ಮೇಲೆ ಹೊಸ ಜೀವ ಬಂತು. ಕೊನೆಗೆ ಉಳಿದದ್ದು ಎಡಮೂಲೆಯ ಕಪ್ಪು ಕಲೆ.

ಹಾಳೆಯ ಮೇಲಿನ ಮಸಿಯನ್ನು ಅವನು ಮುಟ್ಟಿರಲಿಲ್ಲ. ಆ ಮಟ್ಟಿಗೆ ಮುದುಕಿಯ ಮಾತು ನಡೆಸಿದ್ದೇನೆಂದು ಅವನಿಗೆ ಸಮಾಧಾನವಿತ್ತು. ಆದರೆ ಕಲೆ ಇರುವ ಚಿತ್ರವನ್ನು ಹಾಗೇ ಬಿಡುವುದು ಅವನ ಕಸುಬಿಗೆ ಒಗ್ಗದ ಸಂಗತಿ. ಆ ಚೌಕವನ್ನೊಂದನ್ನೇ ದೊಡ್ಡದು ಮಾಡಿ, ಕಪ್ಪಿನೊಳಗಿನ ಬೆಳಕನ್ನು ಮೆಲ್ಲಗೆ ಏರಿಸುತ್ತ ಹೋದ. ಮಸಿಯಡಿಯಿಂದ ಗೆರೆಗಳು ಒಂದೊಂದಾಗಿ ಮೇಲೆ ತೇಲಿದವು. ಒಂದು ಊಟದ ತಟ್ಟೆ. ತಟ್ಟೆಯ ತುಂಬ ಅನ್ನ. ಅನ್ನದೊಳಗಿಂದ ಎದ್ದ ಒಂದು ಹುಳು. ಹುಳುವಿಗೆ ಬಾಯಿತ್ತು; ಅದು ಹುಳುವಿನ ಬಾಯಲ್ಲ, ತುಟಿ ಹಲ್ಲುಗಳಿದ್ದ ಮನುಷ್ಯರ ಬಾಯಿ.

“ಭಲೇ ಶಂಭುಲಿಂಗಪ್ಪನೋರೇ,” ಎಂದು ತನ್ನಲ್ಲೇ ಹೇಳಿಕೊಂಡು, ಮಸಿಯನ್ನು ಪೂರ್ತಿ ಅಳಿಸಿದ. ಮಸುಕಾದ ಗೆರೆಗಳನ್ನು ತಾನೇ ತಿದ್ದಿ ಬರೆದ. ಚೌಕ ಸ್ವಚ್ಛವಾಯಿತು.

ಆಗ ವಾಸನೆ ಬಂತು. ಪ್ರಿಂಟರಿನ ಇಂಕಿನ ಘಾಟಿನ ನಡುವೆಯೂ ಅವನು ಅದನ್ನು ಗುರುತು ಹಿಡಿದ. ಕೊಳೆತ ಬಾಳೆಹಣ್ಣು, ತೇವದ ಮಣ್ಣು, ಅದರ ಹಿಂದೆ ಹುಳುಕು ಹಲ್ಲಿನ ಕೀವಿನಂಥದ್ದು. ಕಿಟಕಿ ತೆರೆದ. ಹೊರಗೆ ಬಿಸಿಲಿತ್ತು, ಆಟೋಗಳಿದ್ದವು, ನಂಜುಂಡೇಶ್ವರನ ಗುಡಿಯ ಗಂಟೆಯ ಸದ್ದು ತೇಲಿ ಬರುತ್ತಿತ್ತು. ಲೋಕದ ನಂಜನ್ನು ನುಂಗಿ ಕೊರಳಲ್ಲೇ ತಡೆದಿಟ್ಟುಕೊಂಡ ಸ್ವಾಮಿಯ ಊರು ಅದು. ಮಹೇಂದ್ರ ಅಷ್ಟು ದಿನದಲ್ಲಿ ಒಮ್ಮೆಯೂ ಆ ಗುಡಿಯ ಹೊಸ್ತಿಲು ದಾಟಿರಲಿಲ್ಲ.

ಪಟವನ್ನು ಗುಂಪಿಗೆ ಹಾಕಿದ. ಮೇಲೆ ಬರೆದ: ‘ಯಾರದ್ದೂ ಅಲ್ಲ, ಎಲ್ಲರದ್ದೂ. ಇಳಿಸಿಕೊಳ್ಳಿ, ಆಡಿ, ಹಂಚಿ.’ ಹೆಬ್ಬೆರಳುಗಳು, ಕೈಮುಗಿದ ಗುರುತುಗಳು ಸಾಲುಗಟ್ಟಿದವು. ‘ಸೂಪರ್ ಕ್ಲೀನ್ ಸ್ಕ್ಯಾನ್ ಸಾರ್’ ಎಂದು ಗುರುತಿಲ್ಲದ ಯಾರೋ ಬರೆದರು.

ಮಧ್ಯಾಹ್ನ ಶಿವರಂಜನಿ ಮೊಸರನ್ನ ಕಲಸಿದ್ದಳು. ಅವಳಿಗೆ ಆ ದಿನಗಳಲ್ಲಿ ಏನು ತಿಂದರೂ ಹಸಿವು. ಗಂಡ ಕೈತೊಳೆದು ಬರುವುದರೊಳಗೇ ತುತ್ತೆತ್ತಿ ಬಾಯಿಗಿಟ್ಟಳು. ಅಗಿದಳು. ದವಡೆ ನಿಂತಿತು.

“ರೀ, ಅನ್ನ ಅಲ್ಲಾಡ್ತಾ ಅದೆ.”

ಅವಳು ಉಗಿದದ್ದು ತಟ್ಟೆಯಂಚಿಗೆ ಬಿತ್ತು. ಅಗುಳಿನಷ್ಟೇ ಬಿಳಿ, ಅಗುಳಿನಷ್ಟೇ ಉದ್ದ. ಕೆಲವು ಅವಳ ಹಲ್ಲಿಗೆ ಸಿಕ್ಕಿ ತುಂಡಾಗಿದ್ದವು, ತುಂಡುಗಳೂ ಹೊರಳುತ್ತಿದ್ದವು. ಉಳಿದ ಮೊಸರಿನ ಅಡಿಯಲ್ಲಿ ಮೆಲ್ಲನೆಯ ಕುದಿತದಂಥ ಚಲನೆ. ಕಿವಿಗೊಟ್ಟರೆ ಸದ್ದೂ ಇತ್ತು. ಯಾರೋ ಬಾಯಿ ಮುಚ್ಚಿಕೊಂಡು ಅಗಿಯುತ್ತಿರುವಂಥ ಪಚಪಚ ಸದ್ದು.

*

ಅಕ್ಕಿ ಕೆಟ್ಟಿದೆ ಎಂದು ಅಕ್ಕಿ ಬದಲಿಸಿದರು. ಬೇರೆ ಅಂಗಡಿಯ ಅಕ್ಕಿಯೂ ಪಾತ್ರೆಯಲ್ಲಿದ್ದಾಗ ಅನ್ನ, ತಟ್ಟೆಗೆ ಬಿದ್ದೊಡನೆ ಹುಳು. ಚಪಾತಿ ಮಾಡಿದರೆ ಪದರದೊಳಗೆ. ಹೋಟೆಲಿನಿಂದ ಇಡ್ಲಿ ತಂದರೆ ಪೊಟ್ಟಣ ಬಿಚ್ಚುವಾಗಲೇ ಇಡ್ಲಿಯ ಮೈ ಉಸಿರಾಡುವಂತೆ ಏಳುತ್ತ ಇಳಿಯುತ್ತಿತ್ತು. ಹಾಲು ಕಾಯಿಸಿದರೆ ಕೆನೆ ತಾನಾಗಿ ಮಡಚಿಕೊಳ್ಳುತ್ತಿತ್ತು. ಮಹೇಂದ್ರ ಕಣ್ಣುಮುಚ್ಚಿ ನುಂಗಲು ನೋಡಿದ. ಗಂಟಲಲ್ಲಿ ಇಳಿಯುತ್ತಿದ್ದದ್ದು ನಡುದಾರಿಯಲ್ಲಿ ತಿರುಗಿ ಮೇಲಕ್ಕೆ ಹತ್ತಿತು.

ಶಿವರಂಜನಿ ಎಳನೀರಿನ ಮೇಲೆ ಜೀವ ಹಿಡಿದಳು. ಮುಚ್ಚಿದ ಕಾಯಿಯಿಂದ ನೇರ ಬಾಯಿಗೆ ಹೋಗುವುದರಿಂದಲೋ ಏನೋ, ಅದೊಂದು ಉಳಿದಿತ್ತು. ಆಮೇಲೆ ಒಂದು ಬೆಳಿಗ್ಗೆ ಕಾಯಿಯೊಳಗಿನ ಎಳೆಗಂಜಿ ಅವಳ ತುಟಿಗೆ ತಾಗಿ ಅಲುಗಿತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಹೊಟ್ಟೆಯ ಮೇಲೆ ಯಂತ್ರವಿಟ್ಟು ನೋಡಿದ ಡಾಕ್ಟರಮ್ಮ, “ಮಗು ಬೆಳೀತಿಲ್ಲ. ತಾಯಿ ತಿನ್ನದೆ ಮಗು ಎಲ್ಲಿಂದ ತಿನ್ನುತ್ತೆ? ಹೀಗೇ ಆದರೆ ಉಳಿಸೋದು ಕಷ್ಟ,” ಎಂದರು.

ನರಸೀಪುರದ ತವರಿಗೆ ಕರೆದುಕೊಂಡು ಹೋದ. ಅತ್ತೆ ವಿಶಾಲಮ್ಮ ಮಗಳಿಗೆಂದು ಬಿಸಿಬಿಸಿ ಮುದ್ದೆ ತೊಳಸಿ, ಬಸ್ಸಾರು ಮಾಡಿ, ತುಪ್ಪ ಹಾಕಿ ಎದುರಿಗಿಟ್ಟರು. ಮಗಳು ಮುದ್ದೆ ಮುರಿದಳು. ಮುರಿದ ಜಾಗದಿಂದ ಅವು ಹೊರಬಂದವು. ಈ ಸಲ ಬಿಳಿಯಲ್ಲ, ರಾಗಿಯ ಬಣ್ಣ. ತುಪ್ಪದಲ್ಲಿ ನೆನೆದು ಮಿರಮಿರ ಮಿನುಗುತ್ತ ಅವಳ ಬೆರಳ ಸಂದಿನಲ್ಲಿ ಜಾರಿ, ಬಳೆಯವರೆಗೆ ಹತ್ತಿದವು. ಅವಳಿಗೆ ಕಿರುಚುವ ತ್ರಾಣವೂ ಉಳಿದಿರಲಿಲ್ಲ. ಕೈಯನ್ನು ಮೈಯಿಂದ ದೂರ ಚಾಚಿ, ಅದು ತನ್ನದಲ್ಲವೆಂಬಂತೆ ನೋಡುತ್ತ ಕೂತಳು.

ವಿಶಾಲಮ್ಮ ಮಗಳ ಕೈ ತೊಳೆದರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಅಳಿಯಂದ್ರೇ, ನಮ್ಮಡಿಗೆಮನೇಲಿ ಇಂಥದ್ದು ಯಾವತ್ತೂ ಬಂದಿಲ್ಲ. ಇದು ನಿಮ್ಮಿಂದೆ ಬಂದೈತೆ. ಎಲ್ಲೋಗಿ ಏನ್ ಮುಟ್ಟುದ್ರಿ?”

ಮಹೇಂದ್ರ ಎದ್ದ. ಜಗಲಿಗೆ ಬಂದು ಕೂತು ಫೋನು ತೆರೆದ. ಗುಂಪಿನಲ್ಲಿ ಹರಟೆ ನಡೆದಿತ್ತು. ಹಾಸನದ ಒಬ್ಬ ಬರೆದಿದ್ದ: ‘ಈ ಸಲದ ಅಕ್ಕಿ ಎಲ್ಲ ಕಡೆ ಹುಳು ಬಿದ್ದಿದೆಯಾ, ನಮ್ಮ ಮನೇಲಿ ಮಾತ್ರಾನಾ?’ ಅದರ ಕೆಳಗೆ ಕೊಪ್ಪಳದವನು: ‘ನಮ್ಮಲ್ಲೂ. ರೊಟ್ಟಿಯೊಳಗೆ. ಮಗ ವಾಂತಿ ಮಾಡಿಕೊಂಡ.’ ಅದಕ್ಕೆ ಇನ್ನೊಬ್ಬ ನಗುವ ಮುಖ ಹಾಕಿದ್ದ. ಅದರ ಕೆಳಗೆ ಮತ್ತೊಬ್ಬ, ಮತ್ತೊಬ್ಬ. ಇಳಿಸಿಕೊಂಡವರೆಲ್ಲ. ತನ್ನ ಫೋನಿಗೆ ಒಂದು ಪ್ರತಿ ಇಳಿಸಿಕೊಂಡವನೂ ನಕಲು ಮಾಡಿದವನೇ ಎಂಬುದು ಮಹೇಂದ್ರನಿಗೆ ಗೊತ್ತಿತ್ತು. ಎಷ್ಟೋ ವಾದಗಳಲ್ಲಿ ಅದನ್ನು ಕಾನೂನಿನ ಪೆದ್ದುತನವೆಂದು ಅವನೇ ಗೇಲಿ ಮಾಡಿದ್ದ.

ಪಟವನ್ನು ಗುಂಪಿನಿಂದ ಅಳಿಸಿದ. ಒಡನೆಯೇ ಉತ್ತರ ಬಂತು: ‘ಯಾಕೆ ಸಾರ್ ಡಿಲೀಟ್ ಮಾಡಿದ್ರಿ? ಪರವಾಗಿಲ್ಲ, ನಾನು ಬೇರೆ ಗುಂಪುಗಳಿಗೆ ಹಾಕಿದ್ದೀನಿ.’

*

ಮರುದಿನ ಹದಿನಾರಿನಲ್ಲಿ ಅವನನ್ನು ಕಂಡೊಡನೆ ಗುರುಸಿದ್ದಮ್ಮ ಮಗನಿಗೆ ಸನ್ನೆ ಮಾಡಿದರು. ಶಿವಸ್ವಾಮಿ ಪೆಟ್ಟಿಗೆಯನ್ನು ಮೇಲೆತ್ತಿ ತಂದ.

ಅವತ್ತು ಇಟ್ಟ ಬಾಳೆಹಣ್ಣು ಇಟ್ಟಂತೆಯೇ ಇತ್ತು. ಯಾವ ಬಾಯಿಯೂ ಅದನ್ನು ಮುಟ್ಟಿರಲಿಲ್ಲ. ಪಟ ಬಿಚ್ಚಿದರು. ಎಡಮೂಲೆಯಲ್ಲಿ ಮಸಿ ಇರಲಿಲ್ಲ. ಚೌಕ ಬೆಳ್ಳಗೆ, ಹೊಸ ಕಾಗದದ ಹಾಗೆ ಸ್ವಚ್ಛವಾಗಿತ್ತು. ಅದರಲ್ಲಿ ತಟ್ಟೆಯಿತ್ತು, ಅನ್ನವಿತ್ತು. ಹುಳು ಇರಲಿಲ್ಲ.

“ನಾನು ಮುಟ್ಟಿಲ್ಲ ಅಜ್ಜಿ,” ಎಂದ ಮಹೇಂದ್ರ. “ದೇವರಾಣೆ. ಕಂಪ್ಯೂಟರಲ್ಲಿ ಕಲೆ ತೆಗೆದೆ, ಅಷ್ಟೆ.”

“ಅದ್ಕೇನ್ ಗೊತ್ತು ನಿನ್ ಕಂಪೂಟ್ರು? ಬಾಗ್ಲು ತಗೆದ್ರು, ಒಂಟೋಯ್ತು.”

“ಮತ್ತೆ ಮಸಿ ಬಳಿಯೋಣ.”

“ಓಡೋದ್ಮೇಲೆ ಕಾಲಿ ಕೊಟ್ಗೆ ಬಾಗ್ಲಾಕ್ತೀಯಾ?”

ಹೊಂಗೆಮರದ ನೆರಳಲ್ಲಿ ಕೂತು ಅವರು ಹೇಳಿದರು. ಶಂಭುಲಿಂಗಪ್ಪ ಕೆಟ್ಟವರಲ್ಲ. ಪಟವನ್ನು ಅಚ್ಚು ಹಾಕಿಸಲು ಕೊಟ್ಟಿದ್ದಾಗ, ಆ ಅಚ್ಚಿನವನು ಕದ್ದು ಇನ್ನಷ್ಟು ಹಾಕಿ, ಮಾಡಿದವರ ಹೆಸರು ಕೆರೆದು ತೆಗೆದು, ತನ್ನದೆಂದು ಸಂತೆ ಸಂತೆಗೆ ಹಂಚಿದ. ನಂಜುಂಡೇಶ್ವರನ ಮುಂದೆ ಕಣ್ಣೀರಿಟ್ಟು ಬಿಟ್ಟಿದ್ದರೆ ಆಗಿತ್ತು. ಸ್ವಾಮಿಯ ನ್ಯಾಯ ತಡವಾಗಿ ಬಂದರೂ ಕಣ್ಣು ತೆರೆದುಕೊಂಡು ಬರುತ್ತದೆ. ಶಂಭುಲಿಂಗಪ್ಪನಿಗೆ ಅಷ್ಟು ತಾಳ್ಮೆ ಸಾಲಲಿಲ್ಲ. ಹೊಳೆಯಾಚೆಯ ಒಬ್ಬ ಮಾಟಗಾರನನ್ನು ಹಿಡಿದು, ಅಚ್ಚಿನವನ ಎಂಜಲು ತಟ್ಟೆಯಿಂದ ಅನ್ನ ತರಿಸಿ, ಅದನ್ನು ಕೊಳೆಸಿ, ಎದ್ದ ಹುಳುವನ್ನು ಮರದಚ್ಚಿನ ಆ ಚೌಕಕ್ಕೆ ಕಟ್ಟಿಸಿದರು. ಮಾಟಕ್ಕೆ ಕಣ್ಣಿಲ್ಲ. ಅದು ಕದ್ದವನನ್ನು ತಿಂದಿತು, ಕದ್ದವನ ಹೆಂಡತಿಯನ್ನು ತಿಂದಿತು, ಕಳವು ಎಂದರೇನೆಂದೇ ಅರಿಯದ ಮೊಲೆಗೂಸನ್ನೂ ತಿಂದಿತು.

“ಆ ಮಗೀನ್ ಮಣ್ಗೆ ನಮ್ ಮಾವ ಓಗಿದ್ರು. ಬಂದೋರು ಮನೆ ಒಳೀಕೆ ಬರ್ಲಿಲ್ಲ. ಸೀದಾ ಈ ಅಗೇವ್ಗೆ ಇಳುದ್ರು. ಕಡೇಗಂಟ ಇಲ್ಲೇ ಇದ್ರು. ನಾನು ಆಗಿನ್ನೂ ಒಸ ಸೊಸೆ. ಕೊಳ್ತಿದ್ದು ಅಳ್ಸಿದ್ದು ಎಲ್ಲಾ ಆಯ್ಕೊಂಡ್ಬಂದು ಇಳುಸ್ತಿದ್ದೆ.”

“ಯಾಕೆ?”

“ಆ ಉಳುವ್ಗೆ ಒಂದ್ ಜಾಗ ಬೇಕು ಕಣಪ್ಪ. ಜಾಗ ಇಲ್ಲ ಅಂದ್ರೆ ನಕಲು ತಗುದ್ ಎಲ್ಲಾರ್ ತಟ್ಟೇನೂ ಅದ್ಕೆ ಜಾಗ. ಅವ್ರು ಅದುನ್ನ ತಿಂದು, ನಂದು ಅಂದು, ತಮ್ ಒಟ್ಟೇಲಿ ಜಾಗ ಕೊಟ್ರು. ಸಾಯೋ ಒತ್ನಲ್ಲಿ ಕೆಮ್ಮಿ ಪಟಕ್ಕೆ ಉಗುದು, ಅವ್ರೇ ಮಸಿ ಬಳುದ್ರು. ಸುಟ್ಟಾಕ್ಬ್ಯಾಡ, ಸುಟ್ರೆ ಮತ್ತೆ ಜಾಗ ಇಲ್ದಂಗಾಯ್ತದೆ ಅಂದ್ರು.”

ಮಹೇಂದ್ರನ ಕಿಸೆಯಲ್ಲಿ ಫೋನು ಒಂದೇ ಸಮನೆ ಗುಂಯ್ಗುಟ್ಟುತ್ತಿತ್ತು. ಅತ್ತೆಯ ಕರೆ. ಎತ್ತಿದ. ವಿಶಾಲಮ್ಮ ಅಳುತ್ತಿದ್ದರು. ಹಿಂದೆ ಶಿವರಂಜನಿಯ ದನಿ ಕೇಳಿಸಿತು. ಅವಳು ಯಾರನ್ನೋ ಬೇಡಿಕೊಳ್ಳುತ್ತಿದ್ದಳು: ಒಂದು ತುತ್ತು, ಒಂದೇ ಒಂದು ತುತ್ತು.

“ಏನು ಮಾಡಬೇಕು ಹೇಳಿ ಅಜ್ಜಿ.”

ಗುರುಸಿದ್ದಮ್ಮ ಹಗೇವಿನ ಬಾಯಿಯತ್ತ ಕೈ ತೋರಿಸಿದರು. “ಯಾರ್ದೂ ಅಲ್ಲ ಅಂದ್ಯಲ್ಲ. ಈಗ ಒಳೀಕೋಗಿ ನಂದು ಅನ್ನು.”

*

ಲಾಟೀನು ಇಳಿಯಿತು. ಅವನೂ ಇಳಿದ.

ಹಗೇವಿನ ಹೊಟ್ಟೆಯಲ್ಲಿ ಗೋಡೆ ಬೆವರುತ್ತಿತ್ತು. ಕೈಯೂರಿದರೆ ಮಣ್ಣು ಮೆತ್ತಗೆ, ಬೆಚ್ಚಗೆ, ಬಾಯೊಳಗಿನ ಚರ್ಮದ ಹಾಗೆ. ಪಟವನ್ನು ಬಿಚ್ಚಿ ಮುಂದೆ ಹಾಸಿಕೊಂಡ. ಮೇಲಿನಿಂದ ಗುರುಸಿದ್ದಮ್ಮ ಹಗ್ಗದಲ್ಲಿ ತಟ್ಟೆ ಇಳಿಸಿದರು. ಆಗತಾನೆ ಬಸಿದ ಬಿಸಿ ಅನ್ನ. ಆವಿಯ ಪರಿಮಳ ಅವನ ಹಸಿದ ಕರುಳನ್ನು ಹಿಂಡಿತು.

“ಉಗೀಬಾರ್ದು,” ಮೇಲಿನಿಂದ ದನಿ ಬಂತು. “ಒಂದಗುಳೂ ಮಿಗುಸ್ಬಾರ್ದು. ನಾಲ್ಗೆ ತಡವರಿಸ್ಬಾರ್ದು.”

ಅನ್ನ ಅಲುಗಿತು.

ಮೊದಲು ಅಂಚಿನಲ್ಲಿ. ಆಮೇಲೆ ನಡುವಿನಲ್ಲಿ. ಆಮೇಲೆ ಅನ್ನವೇ ಉಳಿಯಲಿಲ್ಲ. ಗುಡ್ಡೆ ಎದ್ದು ನಿಂತಿತು. ಗುಡ್ಡೆಯ ತುದಿಯಲ್ಲಿ ಬೆರಳುಗಾತ್ರದ ಒಂದು ತಲೆ ಎತ್ತಿತು. ತುಟಿ ಇತ್ತು. ಹಲ್ಲು ಇತ್ತು. ತುಟಿ ನಗುತ್ತಿತ್ತು. ಅದು ಅವನದೇ ನಗು. ಅವತ್ತು ಈ ಹಿತ್ತಲಲ್ಲಿ ನಕ್ಕ ನಗು.

ಕೈ ಹಾಕಿದ. ಬೆರಳುಗಳನ್ನು ಅವು ಚೀಪಿದವು. ತುತ್ತು ಮಾಡಿದ. ಬಾಯಿಗೆ ತಂದ. ಶಿವರಂಜನಿಯ ಚಾಚಿದ ಕೈ ಕಣ್ಣಿಗೆ ಬಂತು. ಬಾಯಿ ತೆರೆದ.

ಅಗಿದ. ಒಂದೊಂದೂ ಹಲ್ಲಡಿ ಪಟ್ಟೆಂದು ಒಡೆಯಿತು. ಬೆಚ್ಚನೆಯ ಕೀವು. ಒಡೆದವು ನಾಲಿಗೆಯಡಿ ನುಸುಳಿದವು. ಒಸಡಿನ ಸಂದಿಗೆ ಹೊಕ್ಕವು. ಮೂಗಿನಿಂದ ಒಂದು ಇಳಿಯಿತು. ಅದನ್ನೂ ನಾಲಿಗೆಯಿಂದ ಒಳಗೆಳೆದುಕೊಂಡ. ವಾಂತಿ ಉಕ್ಕಿತು. ನುಂಗಿದ. ಮತ್ತೆ ಉಕ್ಕಿತು. ಮತ್ತೆ ನುಂಗಿದ. ಕಣ್ಣೀರು ಸುರಿಯಿತು. ಬೆವರು ಸುರಿಯಿತು. ಬೆವರೂ ನಾರುತ್ತಿತ್ತು. ತಟ್ಟೆ ಖಾಲಿಯಾಗುತ್ತ ಬಂತು. ಉಳಿದದ್ದು ಆ ತಲೆಯೊಂದೇ. ಅದು ಅವನನ್ನೇ ನೋಡುತ್ತಿತ್ತು. ಎತ್ತಿಕೊಂಡ. ಅದು ತಾನಾಗಿ ಅವನ ತುಟಿಗೆ ತುಟಿ ಒತ್ತಿತು.

“ನಂದು,” ಎಂದ.

ಒಳಗೆ ಬಂತು.

“ನಂದು. ನಂದು. ಇದು ನಂದು.”

ಲಾಟೀನು ಆರಿತು.

*

ಅದೇ ಹೊತ್ತಿಗೆ ನರಸೀಪುರದಲ್ಲಿ ಶಿವರಂಜನಿಯ ತಟ್ಟೆಯಲ್ಲಿದ್ದದ್ದು ಅನ್ನವಾಗಿಯೇ ಉಳಿಯಿತು. ಅವಳು ಅಳುತ್ತ ಉಂಡಳು, ಮತ್ತೆ ಹಾಕಿಸಿಕೊಂಡು ಉಂಡಳು. ಹಾಸನದಲ್ಲಿ, ಕೊಪ್ಪಳದಲ್ಲಿ, ಹೆಸರು ತಿಳಿಯದ ಇನ್ನೆಷ್ಟೋ ಊರುಗಳಲ್ಲಿ ಜನ ಹೊಸ ಅಕ್ಕಿ ಚೆನ್ನಾಗಿದೆ ಎಂದುಕೊಂಡು ಉಂಡರು. ಯಾರ ಪಾಲನ್ನು ಯಾರು ಉಂಡರೆಂದು ಅವರಿಗೆ ತಿಳಿಯಲಿಲ್ಲ. ಲೋಕ ನಡೆಯುವುದೇ ಹಾಗೆ. ನಂಜು ನುಂಗಿದವನ ಊರಿನಲ್ಲಿ ನಿಂತು ನಾವು ಪ್ರಸಾದ ಮಾತ್ರ ತಿನ್ನುತ್ತೇವೆ.

ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಶಿವರಂಜನಿ ಮಗುವನ್ನೆತ್ತಿಕೊಂಡು ಹದಿನಾರಿಗೆ ಬಂದಳು. ಗಂಡ ಹಗೇವಿನಿಂದ ಮೇಲೆ ಬಂದದ್ದೇ ಇಲ್ಲವೆಂದು ಕೇಳಿದ್ದಳು. ಮೇಲಿನ ಗಾಳಿಯಲ್ಲಿ ಹೂವಿನ ವಾಸನೆ, ಒಗ್ಗರಣೆಯ ವಾಸನೆ, ಸೋಪಿನ ವಾಸನೆ. ಅವು ಅವನಿಗೆ ಆಗುತ್ತಿರಲಿಲ್ಲ.

ಶಿವಸ್ವಾಮಿ ಚಪ್ಪಡಿ ಸರಿಸಿ, ಹಳೆಯ ಅಭ್ಯಾಸದಿಂದ ಲಾಟೀನು ಇಳಿಬಿಟ್ಟ. ಅರ್ಧ ಇಳಿಯುವುದರೊಳಗೆ ಜ್ವಾಲೆ ಕುಗ್ಗಿ ಆರಿಹೋಯಿತು. ಉಸಿರಾಡುವ ಜೀವ ಅಲ್ಲಿ ಬದುಕುವಂತಿರಲಿಲ್ಲ.

“ದೀಪ ಬ್ಯಾಡ,” ಕತ್ತಲೊಳಗಿನಿಂದ ದನಿ ಬಂತು.

“ರೀ,” ಶಿವರಂಜನಿ ಬಾಯಿಯಂಚಿಗೆ ಬಂದು ಮಂಡಿಯೂರಿದಳು. “ಮಗಳು ಬಂದವ್ಳೆ ನೋಡಿ. ನಿಮ್ಮಂಗೇ ಮೂಗು.”

ಕೆಳಗೆ ಏನೋ ತೆವಳಿ ಹತ್ತಿರ ಬಂದ ಸದ್ದು. ಮಗು ಅದೇ ತಾನೆ ಹಾಲು ಕುಡಿದಿತ್ತು. ಅದರ ಕಟವಾಯಿಯಲ್ಲಿ ಒಂದು ತೊಟ್ಟು ನಿಂತಿತ್ತು. ಎಳೆಗೂಸಿನ ಮೈಯ ಆ ಬೆಚ್ಚನೆಯ ಹಾಲಿನ ವಾಸನೆ, ಲೋಕದಲ್ಲಿ ಯಾವ ಅಪ್ಪನೂ ಮೂಗು ಒತ್ತಿ ಎಳೆದುಕೊಳ್ಳುವ ವಾಸನೆ, ಮೆಲ್ಲಗೆ ಕೆಳಗಿಳಿಯಿತು.

ಹಗೇವಿನೊಳಗೆ ಮಹೇಂದ್ರ ವಾಕರಿಸಿದ. ಕರುಳು ಕಿತ್ತು ಬರುವ ಹಾಗೆ, ಮತ್ತೆ ಮತ್ತೆ.

“ತಗೊಂಡೋಗು,” ಎಂದ, ಉಸಿರು ಸಿಕ್ಕಾಗ. “ದಮ್ಮಯ್ಯ, ದೂರ ತಗೊಂಡೋಗು.”

ಶಿವರಂಜನಿ ಮಗುವಿನ ತಲೆಗೆ ಸೆರಗು ಮುಚ್ಚಿಕೊಂಡು ಎದ್ದು ಹೋದಳು. ತಿರುಗಿ ನೋಡಲಿಲ್ಲ.

ಅವಳ ಹೆಜ್ಜೆಯ ಸದ್ದು ಅಡಗಿದ ಮೇಲೆ, ಎಲ್ಲೋ ಒಂದು ಊರಿನಲ್ಲಿ ಯಾರೋ ತನ್ನ ಫೋನಿಗೆ ಜನ್ಮಪಟ ಇಳಿಸಿಕೊಂಡಿರಬೇಕು. ಕತ್ತಲಲ್ಲಿ ದವಡೆ ಆಡುವ ಸದ್ದು ಕೇಳಿಬಂತು. ಬಾಯಲ್ಲಿ ಏನೂ ಇಲ್ಲದೆಯೂ ಪಚಪಚ. ಗುರುಸಿದ್ದಮ್ಮನಿಗೆ ಆ ಸದ್ದಿನ ಅರ್ಥ ಗೊತ್ತಿತ್ತು: ನಕಲಾದಾಗಲೆಲ್ಲ ಒಳಗಿನ ಹುಳುವಿಗೆ ಹಸಿವು. ಚಿಪ್ಪಿನಲ್ಲಿ ರಸಬಾಳೆಯೊಂದನ್ನಿಟ್ಟು ಹಗ್ಗದಲ್ಲಿ ಇಳಿಸಿದರು. ಕಪ್ಪಿಟ್ಟ ಹಣ್ಣು, ಸಿಪ್ಪೆ ಬಿರಿದು ರಸ ಸೋರುತ್ತಿದ್ದದ್ದು.

ಹಗ್ಗ ಕೊಂಚ ಸಡಿಲವಾಯಿತು. ಮೂಸಿ ನೋಡಿದ ಸದ್ದು. ಚಿಪ್ಪು ಹಾಗೇ ಮೇಲೆ ಬಂತು.

“ಇದಿನ್ನೂ ಹಣ್ಣಾಗಿಲ್ಲ ಕಣವ್ವ,” ಎಂದ ಮಹೇಂದ್ರ. “ಇನ್ನೊಂದಿನ ಬಿಟ್ಟು ಕೊಡು.”